ಬಲಗೈಯ ಹರಕೆ

ಮೊದಲು ಬಲಗೈ, ಆಮೇಲೆ ತಲೆ, ಕೊನೆಗೆ ಎಡಗೈ. ಅಂಗಿ ತೊಡುವುದಕ್ಕೂ ಇಷ್ಟೊಂದು ಉಪಾಯ ಬೇಕಾಗುತ್ತದೆಂದು ಮೊಹಸಿನನಿಗೆ ಗೊತ್ತಿರಲಿಲ್ಲ. ಒಳಕೋಣೆಯ ಬಾಗಿಲು ಮುಚ್ಚಿಕೊಂಡು, ಹಾಸಿಗೆಯ ಮೇಲೆ ಅಂಗಿ ಹರವಿ, ಬಗ್ಗಿ ನಿಂತು, ಜೋತುಬಿದ್ದ ಬಲಗೈಯನ್ನು ತೋಳಿನೊಳಗೆ ಮೆಲ್ಲಗೆ ತೂರಿಸಿದ. ಎದೆಯ ಮಟ್ಟದ ತನಕ ನೋವೇನೂ ಇಲ್ಲ. ಉಣ್ಣುತ್ತದೆ, ಬರೆಯುತ್ತದೆ, ಸಲಾಮು ಮಾಡುತ್ತದೆ, ಎಲ್ಲರ ಕೈಯಂತೆ ಅದೂ ಒಂದು ಕೈ. ಅಲ್ಲಿಂದ ಮೇಲೆ ಹೋದರೆ ಮಾತ್ರ ಕಣ್ಣಿಗೆ ಕತ್ತಲೆ ಬರುತ್ತದೆ. ಈ ಕೈಗೇ ಓಣಿಯವರು ಹೆಸರಿಟ್ಟಿದ್ದರು, ಬೆಟಗೇರಿಯ ಗುಂಡು ಎಂದು. ಗುಂಡಂತೆ ಗುಂಡು! ಹೊರಗೆ ಅವ್ವ ಅಮೀನಬಿ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಇರುವ ತನಕ ಭಯವಿರಲಿಲ್ಲ, ನಿಂತರೆ ಅವಳು ಬಾಗಿಲಿಗೆ ಬಂದಳೆಂದೇ ಅರ್ಥ. ಎಡತೋಳು ಇನ್ನೂ ಅರ್ಧ ಹೊರಗಿರುವಾಗಲೇ ಸದ್ದು ನಿಂತಿತು.

"ಮೊಹಸಿನಾ, ಏನ ಮಾಡಾಕತ್ತೀಯೋ ಒಳಗ? ಮದುಮಗನಾಗಾಕತ್ತೀಯೇನ? ಬಸ್ಸಿನ ಹೊತ್ತಾತು."

"ಬಂದೆ ಅವ್ವಾ."

ಕೆಲವು ದಿನ ರಜಾ ಕೊಟ್ಟಾರ ಎಂದು ಹೇಳಿದ್ದ, ಹುಬ್ಬಳ್ಳಿಯ ಶಿಬಿರದಿಂದ ಬಂದ ದಿನ. ಅವಳು ನಂಬಿದಳು. ಯಾಕೆ ನಂಬಬಾರದು? ಬೇಸಿಗೆಯಲ್ಲಿ ರಾಜ್ಯದ ಕ್ರಿಕೆಟ್ ಲೀಗಿನ ತಂಡವೊಂದು ಹುಡುಗರನ್ನು ಸಾಲಾಗಿ ನಿಲ್ಲಿಸಿ ಚೆಂಡು ಎಸೆಯಿಸಿದಾಗ, ಅಷ್ಟು ಜನರೊಳಗೆ ಅವರು ಆರಿಸಿಕೊಂಡ ಒಬ್ಬನೇ ವೇಗದ ಬೌಲರ್ ಅವಳ ಮಗ. ಆಡುವುದಕ್ಕೆ ಪಗಾರ ಕೊಡತಾರಂತಲ್ಲ ಎಂದು ಓಣಿಯ ಹೆಂಗಸರು ಬಾಯಿಯ ಮೇಲೆ ಬೆರಳಿಟ್ಟುಕೊಂಡಿದ್ದರು. ಶಿಬಿರದ ಮೊದಲ ವಾರ ಅವನು ನೋವನ್ನು ಬಚ್ಚಿಟ್ಟುಕೊಂಡೇ ಎಸೆದ. ಮುಖ ಬಚ್ಚಿಡಬಹುದು, ವೇಗ ಅಳೆಯುವ ಯಂತ್ರದ ಮುಂದೆ ಏನು ಬಚ್ಚಿಡುವುದು? "ಏನಪ್ಪಾ, ಅವತ್ತು ಸೆಲೆಕ್ಷನ್ನಿಗೆ ಬಂದಿದ್ದು ನೀನೋ, ನಿಮ್ಮಣ್ಣನೋ?" ಎಂದು ಬೆಂಗಳೂರಿನ ಕೋಚ್ ಕೇಳಿದಾಗ ಎಲ್ಲರೂ ನಕ್ಕರು. ಅವನೂ ನಕ್ಕ. ತಾನು ಹಾಗೆ ನಕ್ಕದ್ದೇ ಈಗಲೂ, ಹಲ್ಲುಜ್ಜುವಾಗ, ಸುಮ್ಮನೆ ಕೂತಾಗ, ನೆನಪಾಗಿ ಮೈ ಉರಿಯುತ್ತಿತ್ತು. ಕೊನೆಗೆ ಡಾಕ್ಟರು ಭುಜವನ್ನು ತಿರುಗಿಸಿ, ಒಳಗಿನ ಚಿತ್ರ ತೆಗೆಯಿಸಿ, ಕೀಲಿನ ಸುತ್ತ ಹರಿದುಹೋಗಿದೆ, ಹರಿದ ಮೇಲೂ ಎಸೆದು ಎಸೆದು ಕೆಡಿಸಿಕೊಂಡಿದ್ದೀಯ, ಆಪರೇಷನ್ ಮಾಡಿಸಿದರೆ ದಿನದ ಕೆಲಸಕ್ಕೆ ಕೈ ಬಂದೀತು, ಫಾಸ್ಟ್ ಬೌಲಿಂಗ್ ಮಾತ್ರ ಮರೆತುಬಿಡು ಎಂದರು. ಮ್ಯಾನೇಜರು ಒಳ್ಳೆಯ ಮನುಷ್ಯ, ಬಾಗಿಲ ತನಕ ಬಂದ. ತಂಡದ ಅಂಗಿಯನ್ನು ಮಡಚಿ ಮರಳಿ ಕೊಡಲು ಹೋದರೆ, "ಇಟ್ಟುಕೋ, ಬೆನ್ನ ಮೇಲೆ ನಿನ್ನ ಹೆಸರಿದೆ, ಬೇರೆ ಯಾರಿಗೂ ಬರುವುದಿಲ್ಲ" ಎಂದ.

ಆ ಅಂಗಿ ಈಗ ಚೀಲದಲ್ಲಿ ಎಲ್ಲಕ್ಕಿಂತ ಮೇಲಿತ್ತು. ಅವ್ವ ಒಗೆದು, ಪಕ್ಕದ ಮನೆಯಿಂದ ಇಸ್ತ್ರಿಪೆಟ್ಟಿಗೆ ತಂದು ತಾನೇ ಉಜ್ಜಿ, ಹೆಸರು ಮೇಲೆ ಬರುವ ಹಾಗೆ ಮಡಚಿಟ್ಟಿದ್ದಳು. ಅವಳಿಗೆ ಕನ್ನಡದ ಅಕ್ಷರವೇ ಬಾರದು, ಇನ್ನು ಇಂಗ್ಲಿಷಿನದೇನು. ಆದರೂ ಒಂದೊಂದು ಅಕ್ಷರದ ಮೇಲೂ ಬೆರಳಾಡಿಸಿದ್ದಳು. ಅದರ ಕೆಳಗೆ ಕಟಕರೊಟ್ಟಿಯ ಗಂಟು, ಶೇಂಗಾ ಚಟ್ನಿ, ಅಗಸಿ ಚಟ್ನಿ, ಕೆಂಪು ಮೆಣಸಿನಕಾಯಿಯ ರಂಜಕ. "ಅಲ್ಲಿ ದೊಡ್ಡ ಹೋಟೆಲಿನ್ಯಾಗ ಉಣ್ಣಾಕ ಹಾಕತಾರವ್ವಾ" ಎಂದರೆ, "ಹಾಕವಲ್ಲರ್ಯಾಕ, ಅವರದೇನ ಉಪ್ಪ ಐತೋ ಖಾರ ಐತೋ" ಎಂದು ಗಂಟನ್ನು ಇನ್ನಷ್ಟು ಬಿಗಿದಳು. ಇಷ್ಟು ರೊಟ್ಟಿಯನ್ನು ತಾನು ಎಲ್ಲಿ ಕೂತು ತಿನ್ನಬೇಕು ಎಂದು ಮೊಹಸಿನ ಯೋಚಿಸಿದ. ಯಾವ ಊರಿನ ಯಾವ ಕಟ್ಟೆಯ ಮೇಲೆ?

"ಬಾ ಇಲ್ಲೆ. ಕೈ ತಾ."

ಅವಳ ಕೈಯಲ್ಲಿ ಹಸಿರು ಬಟ್ಟೆಯ ಪಟ್ಟಿಯಿತ್ತು, ಅದರ ನಡುವೆ ಒಂದು ನಾಣ್ಯ ಕಟ್ಟಿದ್ದಳು. ಇಮಾಮ್ ಜಾಮೀನು. ದೂರ ಹೋಗುವವರ ಬಲರಟ್ಟೆಗೆ ಕಟ್ಟುವುದು. ಹೋದವರು ಸುಖವಾಗಿ ಮುಟ್ಟಿದ ಮೇಲೆ ಬಿಚ್ಚಿ, ಆ ನಾಣ್ಯವನ್ನು ಬಡವರಿಗೆ ಕೊಡಬೇಕು. ಅವನು ಚಿಕ್ಕವನಿದ್ದಾಗ ಅಪ್ಪ ಸೀರೆಯ ಗಂಟು ಹೊತ್ತು ಸಾಂಗ್ಲಿಗೆ ಹೊರಟಾಗಲೂ ಕಟ್ಟುತ್ತಿದ್ದಳು. ಅಪ್ಪ ಒಂದು ಸಲ ಮುಟ್ಟಲಿಲ್ಲ, ದಾರಿಯಲ್ಲೇ ತೀರಿಕೊಂಡ. ಅವತ್ತು ಕಟ್ಟಲು ಮರೆತಿದ್ದೆ ಎಂದು ಇವಳು ಇವತ್ತಿಗೂ ಹೇಳುತ್ತಾಳೆ, ಮರೆತಿರಲಿಲ್ಲ ಎಂದು ಅಕ್ಕ ಸಬೀನಾ ಹೇಳುತ್ತಾಳೆ. ಯಾವುದಾದರೂ ತನ್ನಿಂದಲೇ ಆಯಿತು ಎಂದು ಹೊತ್ತುಕೊಳ್ಳುವುದು ಅವ್ವನಿಗೆ ಮೊದಲಿನಿಂದಲೂ ರೂಢಿ. ಅಂಗಿಯ ತೋಳನ್ನು ಸರಿಸಿ ಅವಳು ರಟ್ಟೆಗೆ ಪಟ್ಟಿ ಸುತ್ತಿ ಗಂಟನ್ನು ಜಗ್ಗಿದಳು. ಭುಜದೊಳಗೆ ಚಳಕ್ ಎಂದಿತು. ಅವನು ಕೆಮ್ಮಿದ.

"ಬಿಗಿ ಆತೇನ?"

"ಇಲ್ಲವ್ವಾ. ಚಟ್ನಿ ಘಾಟ."

"ಕೈ ಸೊರಗೇತಲ್ಲೋ. ರಜಾದಾಗ ಒಂದ ದಿನಾನೂ ಬಾಲ್ ಹಾಕಲಿಲ್ಲ ನೀ. ಮಗ್ಗದ ಕುಬೇರಪ್ಪ ಕೇಳಾಕತ್ತಿದ್ದ."

ಈ ಕೈಯನ್ನೇ ಅವಳು ಆ ದಿನವೂ ಹಿಡಿದುಕೊಂಡಿದ್ದಳು. ಆರಿಸಿಕೊಂಡ ಸುದ್ದಿ ಬಂದ ಸಂಜೆ ರಾಟೆಯ ಮುಂದಿನಿಂದ ಎದ್ದು ಬಂದು, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಸುತ್ತಿ ಒರಟಾದ ಬೆರಳುಗಳಿಂದ ಅವನ ಮುಂಗೈಯನ್ನು ಮುಟ್ಟಿ ಮುಟ್ಟಿ ನೋಡಿ, ಹರಕೆಯ ಮಾತು ಹೊರಗೆ ಹಾಕಿದ್ದಳು. ಅವಳ ತವರು ಹರ್ತಿ. ಅಲ್ಲಿಯ ಮೊಹರಮ್ಮಿನಲ್ಲಿ ಎಲ್ಲಕ್ಕಿಂತ ದೊಡ್ಡ ಪಂಜಾ, ಊರವರ ಬಾಯಲ್ಲಿ ಹಿರೇದೇವರು. ಉದ್ದನೆಯ ಕೋಲಿನ ತುದಿಗೆ ಬೆಳ್ಳಿಯ ಹಸ್ತ, ಅದಕ್ಕೆ ವರ್ಷವರ್ಷವೂ ಭಕ್ತರು ಸುತ್ತಿದ ರೇಷ್ಮೆ ಬಟ್ಟೆ, ಹೂವಿನ ಸರ, ಎಲ್ಲ ಸೇರಿ ಗಟ್ಟಿ ಗಂಡಸೂ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ಎತ್ತಬೇಕು. ಮಗ ಆಯ್ಕೆಯಾದರೆ ಹಿರೇದೇವರನ್ನು ಅವನೇ ಹಿಡಿಯುತ್ತಾನೆ ಎಂದು ಬೇಡಿಕೊಂಡಿದ್ದಳು. ಅಷ್ಟೇ ಆಗಿದ್ದರೆ ಅಡ್ಡಿಯಿರಲಿಲ್ಲ, ಎಲ್ಲರೂ ಬೇಡಿಕೊಳ್ಳುವುದೇ. ಅವಳು ತನ್ನದೊಂದು ಸೇರಿಸಿದ್ದಳು: ಯಾವ ಕೈಗೆ ದೇವರು ಕೊಟ್ಟನೋ ಆ ಕೈಯೇ ಹೊರಬೇಕು, ಬಲಗೈಯಲ್ಲೇ, ಎತ್ತಿದಾಗಿನಿಂದ ಇಳಿಸುವ ತನಕ ಕೈ ಬದಲಿಸದೆ. ಹಿಡಿಯುವವರೆಲ್ಲ ಕೈ ಬದಲಿಸುತ್ತಾರೆ, ಹೆಗಲು ಕೊಡುತ್ತಾರೆ, ಸುಸ್ತಾದರೆ ಇನ್ನೊಬ್ಬನಿಗೆ ದಾಟಿಸುತ್ತಾರೆ. ದೇವರೂ ಯಾರಿಂದಲೂ ಅಷ್ಟು ಕೇಳಿರಲಿಲ್ಲ. ಕೇಳದ್ದನ್ನು ಕೊಡುವುದರಲ್ಲಿ ಅವಳಿಗೊಂದು ಹಿಗ್ಗು.

ಕುಬೇರಪ್ಪ ಬೇಡವೆಂದಿದ್ದ. ಓಣಿಯ ತುದಿಯಲ್ಲಿ ಅವನ ಮಗ್ಗಗಳು. ಅಮೀನಬಿ ಕಂಡಿಕೆ ಸುತ್ತುವುದು ಅವನ ಸೀರೆಗಳಿಗೇ. ಮೊಹಸಿನ ಚಿಕ್ಕವನಿದ್ದಾಗ ಮಗ್ಗದ ಮನೆಯ ಹಿಂದಿನ ಬಯಲಿನಲ್ಲಿ, ಬಣ್ಣದ ಡ್ರಮ್ಮನ್ನೇ ವಿಕೆಟ್ ಮಾಡಿ, ಅವನ ಕೈಗೆ ಮೊದಲ ಸಲ ಗಟ್ಟಿ ಚೆಂಡು ಕೊಟ್ಟವನು ಅವನೇ. "ಅಮೀನವ್ವಾ, ಅದು ಕೈ. ಬರೇ ಕೈ ಅಲ್ಲ, ಅವನ ಹೊಟ್ಟಿ ಅದು. ಈ ವರ್ಷ ಆಟ ಮುಗೀಲಿ, ಮುಂದಿನ ಹಬ್ಬಕ್ಕ ತೀರಸು. ದೇವರೇನ ಓಡಿ ಹೊಕ್ಕಾನೇನ?" ಎಂದಿದ್ದ. "ನಾಳೆ ಅಂದವನ ಮನಿ ಹಾಳ, ಕುಬೇರಪ್ಪಾ. ಕೊಡೂ ಮುಂದ ಜಲ್ದಿ ಕೊಟ್ಟಾನ, ನಾ ತೀರಸೂ ಮುಂದ ತಡಾ ಮಾಡ್ಲೇನ?" ಎಂದು ಅವಳು ಬಾಯಿ ಮುಚ್ಚಿಸಿದ್ದಳು. ಓಣಿಯೆಲ್ಲ ಕೇಳಿಸಿಕೊಂಡ ಮಾತು ಅದು. ಅದಕ್ಕೇ ಈಗ ಮೊಹಸಿನನ ಬಾಯಿಗೆ ಬೀಗ ಬಿದ್ದದ್ದು. ಕೈ ಎಲ್ಲಿ ಹೋಯಿತೆಂದು ಗೊತ್ತಾದ ದಿನದಿಂದ ಅವ್ವ ಆ ಓಣಿಯಲ್ಲಿ ಹ್ಯಾಗೆ ತಲೆಯೆತ್ತಿ ನಡೆದಾಳು? ಓಣಿಯ ಮಾತಿರಲಿ, ರಾಟೆಯ ಮುಂದೆ ಒಬ್ಬಳೇ ಕೂತಾಗ ಅವಳು ತನಗೆ ತಾನೇ ಏನು ಹೇಳಿಕೊಂಡಾಳು?

"ಏ ಗುಂಡಾ! ತಯಾರೇನಲೇ?" ಕುಬೇರಪ್ಪನೇ ಬಂದ. ಹೊಸ ದೋತರ ಉಟ್ಟು, ತನ್ನ ಮಗನನ್ನೇ ಕಳಿಸಲು ಹೊರಟವನಂತೆ. "ಚೀಲಾ ನಾ ಹಿಡಿತೇನಿ, ಕೊಡ. ಆ ಕೈಗೆ ಒಜ್ಜಿ ಹಾಕಬ್ಯಾಡ." ಮೊಹಸಿನ ಚೀಲ ಕೊಟ್ಟುಬಿಟ್ಟ. ಮುದುಕನಿಂದ ಚೀಲ ಹೊರಿಸುತ್ತಿದ್ದೇನಲ್ಲ ಎಂಬ ನಾಚಿಕೆಗಿಂತ, ಆ ಪ್ರೀತಿಯ ಮಾತು ಸರಿಯಾದ ಗಾಯದ ಮೇಲೇ ಬಿದ್ದದ್ದಕ್ಕೆ ಅವನಿಗೆ ಅಳು ಬಂದಂತಾಯಿತು. ಹೊಸ್ತಿಲಲ್ಲಿ ಅವ್ವ ಏನೋ ಓದಿ ಮುಖದ ಮೇಲೆ ಊದಿದಳು. "ಮುಟ್ಟಿದ ಕೂಡ್ಲೆ ಫೋನ್ ಮಾಡು. ಜಾಮೀನಿನ ರೊಕ್ಕಾ ಯಾರರೆ ಬಡವರಿಗೆ ಕೊಡು, ಮರೀಬ್ಯಾಡ."

ಬೆಟಗೇರಿಯಿಂದ ಗದಗ ಬಸ್‌ಸ್ಟ್ಯಾಂಡಿನ ತನಕ ಆಟೋದಲ್ಲಿ ಕುಬೇರಪ್ಪನ ಬಾಯಿ ನಿಲ್ಲಲಿಲ್ಲ. ಆಟೋದವನಿಗೆ ಹೇಳಿದ, ಚಹಾದಂಗಡಿಯವನಿಗೆ ಹೇಳಿದ, ಹುಬ್ಬಳ್ಳಿ ಬಸ್ಸಿನ ಕಂಡಕ್ಟರನಿಗೂ ಹೇಳಿದ: "ಈ ಹುಡುಗನ್ನ ಛಂದಂಗ ನೋಡ್ಕೋರಿ, ಇವನ ಕೈ ಅಂದ್ರ ಗುಂಡು, ಟೀವ್ಯಾಗ ಬರಾಂವ ಅದಾನ." ಕಂಡಕ್ಟರ್ ಮೊಹಸಿನನನ್ನು ಮೇಲಿನಿಂದ ಕೆಳಗೆ ನೋಡಿ, "ಹೌದಾ? ಹಂಗಾರ ಟಿಕೀಟು ಎರಡ ತಗೀಲೇನ್ರಿ, ಒಂದು ಕೈಗೆ?" ಎಂದು ನಕ್ಕ. ಪಕ್ಕದ ಕಾಲೇಜು ಹುಡುಗನೊಬ್ಬ ಫೋಟೋ ಬೇಕೆಂದ. ಬೌಲಿಂಗ್ ಮಾಡುವ ಹಾಗೆ ಕೈ ಎತ್ತಿ ನಿಲ್ಲಿರಿ ಎಂದ. ಮೊಹಸಿನ ಎಡಗೈಯನ್ನು ಅವನ ಹೆಗಲ ಮೇಲೆ ಹಾಕಿ ಹಲ್ಲು ಕಿರಿದ. ಫೋಟೋದಲ್ಲಿ ಕೂಡ ಸುಳ್ಳು ಹೇಳಬೇಕಾಯಿತಲ್ಲ! ಬಸ್ಸು ಹೊರಟಾಗ ಕುಬೇರಪ್ಪ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ಓಡಿದ. ಇದ್ದಕ್ಕಿದ್ದಂತೆ ದನಿ ಇಳಿಸಿ, "ಕೈ ಬರೋಬರಿ ಐತಲ್ಲ?" ಎಂದ. ಬಸ್ಸಿನ ಗದ್ದಲದಲ್ಲಿ ಕೇಳಿಸಲಿಲ್ಲವೆಂಬಂತೆ ಮೊಹಸಿನ ನಕ್ಕು ಟಾಟಾ ಮಾಡಿದ, ಎಡಗೈಯಿಂದ.

ಊರು ದಾಟುವ ಮೊದಲೇ ಇಳಿದುಬಿಟ್ಟ. ಕಂಡಕ್ಟರ್ ಬೈದ. ಎಲ್ಲಿಗೆ ಹೋಗುವುದೆಂದು ತಿಳಿಯದೆ ಬಿಸಿಲಿನಲ್ಲಿ ನಿಂತವನಿಗೆ, ಲಕ್ಷ್ಮೇಶ್ವರದ ಬಸ್ಸು ಕಂಡಾಗ ಅಕ್ಕನ ನೆನಪಾಯಿತು. ಸಬೀನಾಳನ್ನು ಅದೇ ದಾರಿಯ ಮಾಗಡಿಗೆ ಕೊಟ್ಟಿತ್ತು. ಬಸ್ಸು ಹರ್ತಿಯ ಕಡೆಗೆ ಒಡೆಯುವ ದಾರಿಯನ್ನು ದಾಟುವಾಗ ಅವನು ಕಣ್ಣು ಮುಚ್ಚಿಕೊಂಡ. ಮುಚ್ಚಿದರೆ ಬಿಡುವುದೇ? ಹಲಗೆಯ ಬಡಿತ, ಊದಿನ ಹೊಗೆ, ಅಲಾಯಿ ಕುಣಿಯಲ್ಲಿ ನಿಗಿನಿಗಿ ಕೆಂಡ, ಅಂಗಿಯಿಲ್ಲದ ಮೈಮೇಲೆ ಜನ ಎರಚುವ ನೀರು. ಆ ಮೊಹರಮ್ಮಿನ ದಿನ ಬೆಳಗಿನಿಂದ ಬಲಗೈಯಲ್ಲೇ ಹಿಡಿದಿದ್ದ. ಮೊದಲು ಭಾರ ಅನ್ನಿಸಿತು, ಆಮೇಲೆ ಉರಿ, ಆಮೇಲೆ ಕೈ ತನ್ನದೆಂಬುದೇ ಮರೆತುಹೋಯಿತು. ಮಧ್ಯಾಹ್ನ ಪಕ್ಕದ ಊರಿನ ದೇವರು ಬಂತು, ಭೇಟಿಯ ಹೊತ್ತು. ಎರಡು ಪಂಜಾಗಳು ಎದುರೆದುರು ಓಡಿ ಬಂದು ಒಂದಕ್ಕೊಂದು ತಾಗಬೇಕು, ಅಣ್ಣತಮ್ಮಂದಿರು ಅಪ್ಪಿಕೊಂಡಂತೆ. ಜನ ಹಿಂದಿನಿಂದ ನೂಕಿದರು. ಆ ಕಡೆಯ ಕೋಲು ಬಂದು ಬಡಿದು, ಹಿರೇದೇವರು ಹಿಂದಕ್ಕೆ ವಾಲಿತು. ಎತ್ತಿದ ಕೈ ಹಿಂದಕ್ಕೆ ಹೋಯಿತು. ನೂಲು ಹರಿದಾಗ ಮಗ್ಗದ ಮನೆಯಲ್ಲಿ ಒಂದು ಸಣ್ಣ ಸದ್ದಾಗುತ್ತದಲ್ಲ, ಅಂಥದೇ ಸದ್ದು ಅವನ ಭುಜದೊಳಗೆ ಆಯಿತು.

ಆಗ ಎಡಗೈ ಕೊಟ್ಟಿದ್ದರೆ ಆಗಿತ್ತು. ಪಕ್ಕದಲ್ಲೇ ಸೋದರಮಾವನ ಮಗ ಇಲಿಯಾಸ ಕೈಚಾಚಿದ್ದ, "ತಾ ಇಲ್ಲೆ, ತಾರಲೇ!" ಎಂದು ಕೂಗಿದ್ದ. ಕೊಡಲಿಲ್ಲ. ಹರಕೆಗಾಗಿ ಕೊಡಲಿಲ್ಲವೆಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದ. ಬಸ್ಸಿನ ಕಿಟಕಿಗೆ ತಲೆ ಬಡಿಯುತ್ತಿದ್ದಂತೆ ಈಗ ಆ ಸಮಾಧಾನವೂ ನಿಲ್ಲಲಿಲ್ಲ. ಖರೆ ಏನೆಂದರೆ, ಸುತ್ತಲೂ ಫೋನುಗಳು ಮೇಲೆದ್ದಿದ್ದವು. "ನೋಡ್ರಲೇ, ಬೌಲರ್ ಮೊಹಸಿನ, ಮುಂಜಾನಿಂದ ಒಂದ ಕೈಲೆ ಹಿಡದಾನ!" ಎಂದು ಯಾರೋ ಕೂಗಿದ್ದರು. ಆ ಕೂಗು ಅವನಿಗೆ ಬೇಕಾಗಿತ್ತು. ಭುಜ ಹರಿಯುತ್ತಿದ್ದಾಗಲೂ ಹಲ್ಲು ಕಚ್ಚಿ ಕಣ್ಣಂಚಿನಲ್ಲಿ ಆ ಫೋನುಗಳನ್ನು ನೋಡಿದ್ದ. ಮಾಳಿಗೆಯ ಮೇಲೆ ಹೆಂಗಸರ ನಡುವೆ ನಿಂತ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಷ್ಟು ಸಂತೋಷ ಅವಳ ಮುಖದ ಮೇಲೆ ಅವನು ಹಿಂದೆಂದೂ ಕಂಡಿರಲಿಲ್ಲ.

ಸಬೀನಾಳ ಗಂಡ ಬಳೆಯ ಪೆಟ್ಟಿಗೆ ಹೊತ್ತು ಶಿರಹಟ್ಟಿಯ ಸಂತೆಗೆ ಹೋಗಿದ್ದ. ತಮ್ಮನನ್ನು ಕಂಡು ಅವಳಿಗೆ ಏನು ಮಾಡಲಿ, ಏನು ಬಿಡಲಿ ಎನಿಸಿತು. "ಹುಬ್ಬಳ್ಳಿಗೆ ಹೋಗಾಂವ ಇತ್ಲಾಗ ಹೆಂಗ ಬಂದ್ಯೋ? ದಾರಿ ತಪ್ಪಿತೇನ ದೊಡ್ಡ ಮನಶ್ಯಾಗ? ಕುಂಡ್ರು, ಸುರಕುಂಬಾ ಮಾಡತೇನಿ. ಆ ಮಾಡದ ಮ್ಯಾಲಿನ ಶಾವಿಗಿ ಡಬ್ಬಿ ತಗಿ. ನನಗ ನಿಲುಕಂಗಿಲ್ಲ." ಪ್ರತಿ ಸಲ ಬಂದಾಗಲೂ ಅದನ್ನು ತೆಗೆಯುವವನು ಅವನೇ. ಎತ್ತರದವನಲ್ಲವೇ. ಎಡಗೈ ಚಾಚಿದ, ಡಬ್ಬಿ ಜಾರಿತು, ಬಲಗೈ ರೂಢಿಯಂತೆ ತಾನಾಗಿಯೇ ಮೇಲೆ ಹೋಯಿತು, ನಡುದಾರಿಯಲ್ಲೇ ನಿಂತಿತು. ನೆಲದ ತುಂಬ ಶಾವಿಗೆ. ಅವನು ಗೋಡೆಗೆ ಒರಗಿ ಕುಸಿದ. ಸಬೀನಾ ಶಾವಿಗೆಯನ್ನು ನೋಡಲಿಲ್ಲ, ಅವನ ಮುಖವನ್ನೇ ನೋಡಿದಳು.

"ಕೈಗೆ ಏನಾಗೇತಿ?"

ಹೇಳಿದ. ಯಾರಿಗೂ ಹೇಳದ್ದನ್ನು ನೆಲದ ಮೇಲಿನ ಶಾವಿಗೆಯ ತುಂಡುಗಳನ್ನು ಒಂದೊಂದೇ ಆರಿಸುತ್ತ ಹೇಳಿದ. ಕೋಚ್ ನಕ್ಕದ್ದು, ಡಾಕ್ಟರು ಅಂದದ್ದು, ಅಂಗಿಯನ್ನು ಇಟ್ಟುಕೋ ಎಂದದ್ದು. ಅವಳು ಬಾಯಿಗೆ ಸೆರಗು ತುರುಕಿಕೊಂಡು ಕೇಳಿದಳು. ಆಮೇಲೆ ಒಮ್ಮೆಲೇ ಸಿಟ್ಟು ಬಂತು ಅವಳಿಗೆ.

"ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲಲ್ಲೋ ತಮ್ಮಾ! ಆ ಮುದುಕಿ ಹರಕಿ ನಿನ್ನ ಕೈ ಮುರೀತು. ಬಲಗೈಲೇ ಹಿಡೀಬೇಕಂತ, ಬದಲ ಮಾಡಬಾರದಂತ! ಯಾರ ಹೇಳಿದ್ದರು ಅಕಿಗೆ?"

"ಅವ್ವಗ ಅನಬ್ಯಾಡ." ಅವನ ದನಿ ಏರಿತು. "ಇಲಿಯಾಸ ಕೈ ಚಾಚಿದ್ದ. ನಾ ಕೊಡಬಹುದಿತ್ತು."

"ಯಾಕ ಕೊಡಲಿಲ್ಲ?"

ಅವನು ಶಾವಿಗೆಯ ಇನ್ನೊಂದು ತುಂಡನ್ನು ಆರಿಸಿ ಡಬ್ಬಿಗೆ ಹಾಕಿದ. ಸಬೀನಾ ಮೂಗೊರೆಸಿಕೊಂಡು ಕೂತಲ್ಲೇ ಸ್ವಲ್ಪ ಹೊತ್ತು ತೂಗಿದಳು. "ಹೇಳಿಬಿಡು ಅವ್ವಗ. ಇವತ್ತಿಲ್ಲ ನಾಳಿ ಮ್ಯಾಚು ಚಾಲೂ ಆಗತಾವು, ಕುಬೇರಪ್ಪ ಓಣಿ ಮಂದೀನೆಲ್ಲಾ ಟೀವಿ ಮುಂದ ಕುಂಡರಸತಾನ. ಆಗ ಏನ ಮಾಡತಿ? ಕ್ಯಾಂಪನ್ಯಾಗ ಆತು ಅಂತ ಸುಳ್ಳ ಹೇಳಬ್ಯಾಡ ಮತ್ತ. ಖರೆ ಹೇಳು. ಅತ್ತರ ಅಳ್ಲಿ. ಅಕಿ ಮಾಡಿದ್ದು ಅಕಿಗೆ ಗೊತ್ತಾಗಬೇಕಿಲ್ಲೇನ? ಇಲ್ಲಂದ್ರ ಮತ್ತೊಂದು ಹರಕಿ ಹೊರತಾಳ, ನೋಡಕೋ."

ಉಂಡು, ಸುಮ್ಮನೆ ಕೆರೆಯ ಕಡೆಗೆ ನಡೆದ. ಚಳಿಗಾಲದಲ್ಲಿ ಈ ನೀರು ಕಾಣದಷ್ಟು ಹಕ್ಕಿಗಳು ಬಂದು ಕೂರುತ್ತವೆ, ಹಿಮಾಲಯ ದಾಟಿ ಬರುತ್ತವೆಂದು ಹೇಳುತ್ತಾರೆ. ಈಗ ಒಂದೂ ಇರಲಿಲ್ಲ, ಮಳೆಯ ಕೆಂಪು ನೀರಷ್ಟೇ. ಅಕ್ಕನ ಮದುವೆಯ ಹೊಸತರಲ್ಲಿ ಇಲ್ಲಿ ನಿಂತು ಕಲ್ಲು ಎಸೆದಿದ್ದ. ಭಾವ ಬೆರಗಾಗಿ, "ಎಲ್ಲಿ ಬಿತ್ತಪ್ಪಾ ಅದು, ಕಾಣಲೇ ಇಲ್ಲಲ್ಲ" ಎಂದಿದ್ದ. ಒಂದು ಚಪ್ಪಟೆ ಕಲ್ಲನ್ನು ಆರಿಸಿ ಬಲಗೈಯಲ್ಲಿ ಹಿಡಿದ. ಬೆರಳುಗಳಿಗೆ ಎಲ್ಲವೂ ನೆನಪಿತ್ತು. ಎಲ್ಲಿ ಒತ್ತಬೇಕು, ಎಲ್ಲಿ ಸಡಿಲ ಬಿಡಬೇಕು, ಮಣಿಕಟ್ಟನ್ನು ಯಾವಾಗ ಬಾಗಿಸಬೇಕು, ಒಂದನ್ನೂ ಮರೆತಿರಲಿಲ್ಲ ಅವು. ಭುಜದ ಸುದ್ದಿಯೇ ಮುಟ್ಟಿರದವರಂತೆ ತಯಾರಾಗಿ ಕೂತಿದ್ದವು. ಎಸೆದ. ಕಲ್ಲು ದಂಡೆಯ ಕೆಸರಿನಲ್ಲೇ ಬಿತ್ತು. ಅವನು ಅಲ್ಲೇ ಕೂತು ಅತ್ತ, ದನಿ ತೆಗೆದು ಅತ್ತ. ಎಮ್ಮೆ ಮೈ ತೊಳೆಸುತ್ತಿದ್ದ ಮುದುಕನೊಬ್ಬ ದೂರದಿಂದ, "ಯಾರರೆ ತೀರಿಕೊಂಡ್ರೇನೋ ತಮ್ಮಾ?" ಎಂದು ಕೇಳಿದ. ಹೌದ್ರಿ ಎಂದುಬಿಟ್ಟ.

ಮರಳುವ ಬಸ್ಸಿನಲ್ಲಿ ಅವನಿಗೆ ಸಿಟ್ಟು ಬಂತು. ಅಕ್ಕನ ಸಿಟ್ಟೇ ಅಂಟಿಕೊಂಡು ಬಂದಿತ್ತೋ ಏನೋ. ಹೌದು, ಹೇಳುತ್ತೇನೆ. ನಿನ್ನ ಹರಕೆಯೇ, ಅವ್ವಾ, ನಿನ್ನ ಹೆಚ್ಚುಗಾರಿಕೆಯೇ. ಕುಬೇರಪ್ಪ ಕಾಕಾ ಕೈಮುಗಿದು ಹೇಳಿದ, ಕೇಳಲಿಲ್ಲ ನೀನು. ದೇವರಿಗೆ ಕೊಡುವಾಗ ನಿನ್ನ ಕೈಯನ್ನು ಕೊಡಬೇಕಿತ್ತು, ನನ್ನದನ್ನು ಯಾಕೆ ಕೊಟ್ಟೆ? ಮಾತುಗಳನ್ನು ಮತ್ತೆ ಮತ್ತೆ ಸಾಲುಗೂಡಿಸಿದ. ಅವಳು ಎದೆ ಬಡಿದುಕೊಳ್ಳುವುದು ಕಣ್ಣಿಗೆ ಕಟ್ಟಿತು, ಅದರಿಂದ ಒಂದು ಗಳಿಗೆ ಸುಖವೂ ಆಯಿತು, ಆ ಸುಖಕ್ಕೆ ಅಸಹ್ಯವೂ ಆಯಿತು. ಥೂ, ಎಂಥ ಮಗ ನಾನು! ಆದರೂ ಹೇಳಲೇಬೇಕು. ಇಬ್ಬರ ತಪ್ಪನ್ನು ಒಬ್ಬನೇ ಎಷ್ಟು ದಿನ ಹೊರುವುದು? ಗದಗದಲ್ಲಿ ಇಳಿದು ಬೆಟಗೇರಿಯ ತನಕ ನಡೆದೇ ಹೋದ, ಮಾತು ಆರದಿರಲೆಂದು. ಚೀಲವನ್ನು ಎಡಗೈಯಲ್ಲಿ ಹಿಡಿದಿದ್ದ.

ಸಂಜೆಯ ಬಿಸಿಲು ಹೊಸ್ತಿಲ ಮೇಲಿತ್ತು. ಅಮೀನಬಿ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು, ಕೆಂಪು ನೂಲು. ಬಾಗಿಲಲ್ಲಿ ನೆರಳು ಬಿದ್ದದ್ದಕ್ಕೆ ತಲೆಯೆತ್ತಿದಳು. ರಾಟೆ ಇನ್ನೆರಡು ಸುತ್ತು ತಾನೇ ತಿರುಗಿ ನಿಂತಿತು.

"ಬಸ್ ತಪ್ಪಿತೇನೋ? ಇಡೀ ದಿನ ಎಲ್ಲಿದ್ದಿ? ಫೋನರೆ ಮಾಡಬಾರದ? ನನ್ನ ಜೀವ ಜೀವದಾಗ ಇದ್ದಿದ್ದಿಲ್ಲ."

"ನಾ ಹೋಗಂಗಿಲ್ಲವ್ವಾ. ಅವರು ನನ್ನ ಬ್ಯಾಡಂದಾರ. ಆಗಲೇ ಅಂದಿದ್ರು. ರಜಾ ಅಂತ ನಿನ್ನ ಮುಂದ ಸುಳ್ಳ ಹೇಳಿದ್ದೆ." ಇಷ್ಟು ಒಂದೇ ಉಸಿರಿನಲ್ಲಿ ಬಂತು. "ಕೈ ಹೋಗೇತಿ. ಮ್ಯಾಲೆ ಏಳಂಗಿಲ್ಲ. ಇನ್ನ ಬಾಲ್ ಹಾಕಾಕ ಆಗಂಗಿಲ್ಲಂತ."

ಅವಳು ಎದ್ದು ಬಂದಳು. ಮಡಿಲಿನ ಕಂಡಿಕೆಗಳು ನೆಲಕ್ಕೆ ಉರುಳಿದವು, ಎಂದೂ ನೂಲನ್ನು ನೆಲಕ್ಕೆ ಮುಟ್ಟಗೊಡದವಳು ತಿರುಗಿ ನೋಡಲಿಲ್ಲ. ಅವನ ಭುಜದ ಮೇಲೆ ಕೈಯಿಟ್ಟು, ಮುಂಜಾನೆ ತಾನೇ ಕಟ್ಟಿದ ಹಸಿರು ಪಟ್ಟಿಯ ತನಕ ಮೆಲ್ಲಗೆ ತಡವಿದಳು. ಸೊರಗಿದ ಜಾಗ ಸಿಕ್ಕಿತು, ಅವಳ ಬೆರಳು ಅಲ್ಲೇ ನಿಂತಿತು.

"ಯಾವಾಗ?"

ಬಸ್ಸಿನಲ್ಲಿ ಸಾಲುಗೂಡಿಸಿದ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಬಾಯಿ ತೆರೆದ. ಅಷ್ಟರಲ್ಲಿ ಅವಳ ಮುಖ ಬಿಳಿಚಿಕೊಂಡಿತು. ಯಾರೋ ಹಿಂದಿನಿಂದ ಹೆಸರು ಹಿಡಿದು ಕರೆದವರಂತೆ ಅವಳು ಒಮ್ಮೆ ಓಣಿಯ ತುದಿಯ ಮಗ್ಗದ ಮನೆಯ ಕಡೆ ನೋಡಿದಳು. ದನಿ ತೀರ ಸಣ್ಣದಾಯಿತು.

"ದೇವರ ಹಿಡದ ದಿನಾ ಅಲ್ಲಲ್ಲ? ಮೊಹಸಿನಾ? ಅವತ್ತ ಅಲ್ಲಲ್ಲೋ?"

ಅವಳ ಕಣ್ಣುಗಳನ್ನು ಅವನು ನೋಡಿದ. ಅಪ್ಪ ದಾರಿಯಲ್ಲಿ ತೀರಿಕೊಂಡ ದಿನದಿಂದ ಹೊತ್ತುಕೊಂಡೇ ಬಂದ ಕಣ್ಣುಗಳು. ಇನ್ನೊಂದನ್ನು ಹೊರಲಿಕ್ಕೆ ಅವಳು ಆಗಲೇ ತಯಾರಾಗಿ ನಿಂತಿದ್ದಳು, ಮತ್ತು ಹೊರಲಾರದವಳಾಗಿಯೂ ನಿಂತಿದ್ದಳು.

"ಅಲ್ಲವ್ವಾ," ಎಂದ. "ಕ್ಯಾಂಪನ್ಯಾಗ. ಓಡಿ ಬರೂ ಮುಂದ ಕಾಲ ಜಾರಿ ಬಿದ್ದೆ."

"ಖರೆ?"

"ಖರೆ ಅವ್ವಾ. ನಿನ್ನ ಆಣಿ."

ಅವಳು ಉಸಿರು ಬಿಟ್ಟಳು. ಅಷ್ಟು ಹೊತ್ತು ಹಿಡಿದಿದ್ದಳೆಂದು ಬಿಟ್ಟಾಗಲೇ ಗೊತ್ತಾದದ್ದು. ಆಮೇಲೆ ಅಳು ಬಂತು ಅವಳಿಗೆ, ದೊಡ್ಡ ಅಳು. ಅವನನ್ನು ಎದೆಗೆ ಅವಚಿಕೊಂಡು, ಆ ಶಿಬಿರಕ್ಕೆ ಬೆಂಕಿ ಬೀಳ, ಆ ನೆಲಕ್ಕೆ ಮಣ್ಣು ಬೀಳ, ನನ್ನ ಬಂಗಾರದಂಥ ಮಗನ ಮೇಲೆ ಯಾವ ಹಾಳಾದವರ ಕಣ್ಣು ಬಿತ್ತೋ ಎಂದು ಶಪಿಸಿದಳು. ಮೊಹಸಿನ ಅಲುಗಲಿಲ್ಲ. ಅವಳ ಶಾಪಗಳು ಬೇರೆ ಎಲ್ಲೋ ಹೋಗಿ ಬೀಳುತ್ತಿದ್ದವು, ಅಷ್ಟೇ ಸಾಕಾಗಿತ್ತು. ಬಹಳ ಹೊತ್ತಿನ ಮೇಲೆ ಅವಳು ಮುಖ ಒರೆಸಿಕೊಂಡಳು. ಜಾಮೀನಿನ ಗಂಟನ್ನು ಬಿಚ್ಚುತ್ತಾಳೆ ಎಂದುಕೊಂಡ. ಅವಳು ಬಿಚ್ಚಲಿಲ್ಲ, ಇನ್ನೊಂದು ಸುತ್ತು ಜಗ್ಗಿ ಬಿಗಿದಳು.

"ಇದು ಇರ್ಲಿ, ಕೈ ಬರೂತನಕ. ನೀ ಇನ್ನೂ ಮುಟ್ಟಿಲ್ಲ." ಅವಳ ಕಣ್ಣಲ್ಲಿ ಆ ಹಳೆಯ ಹಿಗ್ಗು ಮತ್ತೆ ಮಿನುಗಿತು. "ಒಮ್ಮೆ ಕೊಟ್ಟಾಂವ ಮತ್ತ ಕೊಡಂಗಿಲ್ಲೇನ? ನಾ ಬೇಡ್ಕೋತೇನಿ. ಈ ಕೈ ಮೊದಲಿನಂಗ ಆಗ್ಲಿ, ಈ ಸಲ ಬರೇ ಒಂದ ಹಬ್ಬ ಅಲ್ಲ, ನಾ ಇರೂತನಕ ವರ್ಷಾ ವರ್ಷಾ ಹಿರೇದೇವರನ್ನ ನೀನ ಹಿಡಿಬೇಕು. ಬಲಗೈಲೆ. ಕೈ ಬದಲ ಮಾಡದ. ಆತು ಅನ್ನು."

ಹೊರಗೆ ಕುಬೇರಪ್ಪನ ಮಗ್ಗಗಳು ಒಂದೇ ಸಮ ಬಡಿಯುತ್ತಿದ್ದವು.

"ಆತು ಅನ್ನೋ, ನನ್ನಪ್ಪಾ."

"ಆತವ್ವಾ."

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎರಡೂ ಅಂಗೈಗಳನ್ನು ಬೊಗಸೆಯಂತೆ ಜೋಡಿಸಿ ಎದೆಯ ಮುಂದೆ ಹಿಡಿದಳು. ನೀನೂ ಹಿಡಿ ಎಂದು ಕಣ್ಣಲ್ಲೇ ಹೇಳಿದಳು. ಬೇಡಿಕೊಳ್ಳುವುದಕ್ಕೆ ಕೈ ಎದೆಯ ಮಟ್ಟಕ್ಕೆ ಬಂದರೆ ಸಾಕು. ಅಷ್ಟು ಎತ್ತರಕ್ಕೆ ಅವನ ಕೈ ಬಂತು. ಅವಳು ಬೇಡಿ ಮುಗಿಸುವ ತನಕ ಹಾಗೇ ಹಿಡಿದಿದ್ದು, ಆಮೀನ್ ಎಂದ.